ಯಾರಿಗೆ ಕೊಬ್ಬು

ನಮ್ಮ ಮನೆಯಲ್ಲಿ ಕೊಬ್ಬು ಎಂದರೆ ನಾನು. ಎದುರು ಮಾತಾಡಿದರೂ ಅದೇ, ಇನ್ನೊಂದು ಸಲ ಬಡಿಸಿಕೊಂಡರೂ ಅದೇ. "ನಿಂಗೆ ಕೊಬ್ಬು ಜಾಸ್ತಿ ಆಯ್ತು ಕಣೇ" ಎಂದು ಅಪ್ಪ ಬೈದಾಗ, ಎರಡರಲ್ಲಿ ಯಾವುದೆಂದು ನಾನು ಕೇಳುತ್ತಿರಲಿಲ್ಲ. ನನ್ನ ತಮ್ಮ ಬೇಕರಿಯಲ್ಲಿ ಪಫ್ ಮಾಡುವವನು, ಕಡ್ಡಿ ಪೈಲ್ವಾನ್. ಹಿಟ್ಟಿಗೆ ವನಸ್ಪತಿ ಮೆತ್ತಿ ಮಡಿಸುತ್ತ, ಮುರಿದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನಿಗೆ ಅದೇ ಊಟ. ನಾನು ಹೊಲಿಗೆ ಯಂತ್ರದ ಮುಂದೆ ಒಂದು ಹಿಡಿ ಕಡಲೆಬೀಜ ತಿಂದರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಅಪ್ಪನ ಲಿವರ್ ಕೈಕೊಟ್ಟಿತು. ಮನೆಯವರೊಬ್ಬರು ತಮ್ಮ ಲಿವರಿನಲ್ಲಿ ಒಂದು ಭಾಗ ಕೊಟ್ಟರೆ ಉಳಿಯಬಹುದು ಎಂದರು ಡಾಕ್ಟರಮ್ಮ. ಮೊದಲು ಮುಂದೆ ಬಂದವಳು ನಾನೇ.

"ನಿಂದಾ? ಅದ್ರಲ್ಲಿ ಬರೀ ಬೆಣ್ಣೆ ಇರುತ್ತೆ, ಬಿಡೇ," ಎಂದಳು ಅಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗಿಷ್ಟು ಬೆಂಕಿ ಹಾಕ!

ತಮ್ಮನಿಗೆ ಒಂದರ ಹಿಂದೊಂದು ಪರೀಕ್ಷೆಯಾಗುತ್ತ ವಾರಗಳು ಕಳೆದವು. ಅಪ್ಪನ ಕಣ್ಣು ದಿನೇ ದಿನೇ ಹಳದಿಯಾಗುತ್ತಿತ್ತು. ಕೊನೆಗೆ ತಮ್ಮನ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಆಗೋದಿಲ್ಲ ಎಂದುಬಿಟ್ಟರು.

"ಇವರ ಲಿವರ್ ತುಂಬಾ ಕೊಬ್ಬಿದೆ."

"ಇವನಿಗಾ?" ಅಮ್ಮ ನನ್ನ ಕಡೆ ನೋಡಿದಳು, ಅದೂ ನನ್ನದೇ ತಪ್ಪು ಎಂಬಂತೆ.

"ಎಲ್ಲ ಕೊಬ್ಬೂ ಒಂದೇ ಅಲ್ಲಮ್ಮ. ಈ ಬೇಕರಿ ಕೊಬ್ಬು, ಸಕ್ಕರೆ ಇದೆಯಲ್ಲ, ಮೈ ಸಣ್ಣಗಿದ್ರೂ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ತಿನ್ನೋದು ಬಿಟ್ರೆ ಕೆಲವು ತಿಂಗಳಲ್ಲಿ ಕರಗ್ಬಹುದು. ಆದ್ರೆ ನಿಮ್ಮ ಯಜಮಾನ್ರಿಗೆ ಅಷ್ಟು ಟೈಮ್ ಇಲ್ಲ."

ಆಮೇಲೆ ನನ್ನ ಪರೀಕ್ಷೆ ಮಾಡಿದರು.

"ನಿಮ್ಮದು ಚೆನ್ನಾಗಿದೆಯಲ್ರೀ! ಮೈ ದಪ್ಪ ಇದ್ರೂ ಒಳಗೆ ಏನೂ ಇಲ್ಲ. ಮೊದ್ಲೇ ಯಾಕೆ ಬರ್ಲಿಲ್ಲ?"

ತಮ್ಮ ಗೋಡೆಗೆ ಮುಖ ಮಾಡಿ ಬಿಕ್ಕಿದ. ಅಷ್ಟರಲ್ಲಿ ಅಪ್ಪನ ರಕ್ತಕ್ಕೆ ಸೋಂಕು ಹತ್ತಿತ್ತು. ಇನ್ನು ಆಪರೇಷನ್ ಮಾಡುವ ಹಾಗಿಲ್ಲ ಎಂದರು. ನನಗೆ ಎಲ್ಲರ ಮೇಲೂ ಕೆಂಡದಂಥ ಕೋಪ ಬಂತು. ಯಾರನ್ನು ಬೈಯಲಿ?

ವಾರ್ಡಿಗೆ ಹೋಗಿ ಅಪ್ಪನ ಪಕ್ಕ ಕೂತೆ. "ಅಪ್ಪಾ, ನಂದು ಚೆನ್ನಾಗಿದ್ಯಂತೆ. ನಿಂಗೆ ಹೊಂದುತ್ತಂತೆ." ಉಳಿದದ್ದನ್ನು ಹೇಳಲಿಲ್ಲ.

ಅಪ್ಪ ನನ್ನ ತೋಳಿನ ಮೇಲೆ ಕೈಯಿಟ್ಟ. "ಊಟ ಮಾಡಿದ್ಯಾ?"

ಮನೆಗೆ ಬಂದುಹೋಗುವವರನ್ನೆಲ್ಲ ಅಪ್ಪ ಕೇಳುತ್ತಿದ್ದ ಮಾತು ಅದು. ನನ್ನನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

"ಇಲ್ಲಪ್ಪ."

"ಹೋಗು. ಹೊಟ್ಟೆ ತುಂಬ ತಿಂದ್ಕೊಂಡು ಬಾ."

ಕೆಳಗೆ ಕ್ಯಾಂಟೀನಿನಲ್ಲಿ ಅಳುತ್ತಲೇ ತಟ್ಟೆ ಖಾಲಿ ಮಾಡಿದೆ. ತಿಂದೆ ಎಂದು ಹೇಳಲು ಮೆಟ್ಟಿಲು ಹತ್ತಿ ಬಂದರೆ, ಕೇಳಲು ಅಪ್ಪ ಇರಲಿಲ್ಲ.