ಹಲ್ಲಿನ ಡಾಕ್ಟರಿಗೆ ಗಂಟುಬಿದ್ದ ಎರಡು ಪುಸ್ತಕ

ಹಲ್ಲಿನ ಡಾಕ್ಟರಿಗೆ ಆ ತಿಂಗಳು ಎರಡು ಪುಸ್ತಕ ಗಂಟುಬಿದ್ದವು. ಒಂದು, ಗಂಡನ ಅಣ್ಣನಾದ ಭಾವ ಕೊಟ್ಟ ದಪ್ಪ ಇತಿಹಾಸ: ಹಿಂದೆ ಧರ್ಮಗುರುಗಳೂ ಅರಸರೂ ಅಧಿಕಾರಕ್ಕಾಗಿ ಕಚ್ಚಾಡಿದ ಕಥೆ. ಇನ್ನೊಂದು, ಒಡಹುಟ್ಟಿದ ಅಕ್ಕ ಕೊಟ್ಟ ಪ್ರಶಸ್ತಿ ಬಂದ ಕಾದಂಬರಿ. ಇಬ್ಬರೂ ಇವಳ ಅಭಿಪ್ರಾಯ ಕೇಳುತ್ತಿದ್ದರು. ಬೇಕಿದ್ದದ್ದು ಇವಳ ಬಾಯಲ್ಲಿ ತಮ್ಮ ಅಭಿಪ್ರಾಯವೇ.

ಭಾನುವಾರ ಊಟಕ್ಕೆ ಬಂದ ಭಾವ ಕೂರುವ ಮೊದಲೇ ಕೇಳಿದರು, "ಓದಿದ್ಯೇನಮ್ಮ?"

"ಓದಿದೆ. ಗುರುಗಳು ಅರಸನನ್ನೇ ಕುಣಿಸಿದ ಭಾಗ ತುಂಬಾ ಚೆನ್ನಾಗಿದೆ. ಆದ್ರೆ ಅವತ್ತಿನ ಗುರುಗಳ ತಪ್ಪಿಗೆ ಇವತ್ತು ಅದೇ ಧರ್ಮದ ಪಕ್ಕದ್ಮನೆಯವರನ್ನ ಯಾಕೆ ಹೊಣೆ ಮಾಡ್ತಾರೆ? ಕೊನೇ ಅಧ್ಯಾಯ ಪೂರ್ತಿ ಅದೇ."

ಭಾವ ಚಮಚ ಕೆಳಗಿಟ್ಟರು. "ಹಾಗಾದ್ರೆ ನೀನು ಅವರ ಕಡೆ."

"ನಾನು ಯಾರ ಕಡೆನೂ ಅಲ್ಲ ಭಾವ. ಪುಸ್ತಕದ ಮಾತು ಹೇಳ್ದೆ."

"ಅವರ ಕಡೆಯವರು ಹೇಳೋದೇ ಹೀಗೆ."

ಗಂಡ ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು.

ಸಂಜೆ ಅಕ್ಕನ ಫೋನು. ಭಾಷೆ ಸೊಗಸಾಗಿದೆ, ಆದರೆ ಅರ್ಧ ಪುಸ್ತಕ ಮುಗಿದರೂ ನಾಯಕ ಕಿಟಕಿ ಬಿಟ್ಟು ಎದ್ದಿಲ್ಲ ಎಂದಳು ಇವಳು.

"ಹಲ್ಲು ಬಿಟ್ರೆ ನಿಂಗೆ ಇನ್ನೇನು ಅರ್ಥವಾಗತ್ತೆ ಬಿಡು," ಎಂದು ಅಕ್ಕ ಫೋನಿಟ್ಟಳು.

ಮರುದಿನ ಕ್ಲಿನಿಕ್ಕಿಗೆ ವಕೀಲರೊಬ್ಬರು ಬಂದರು. ಬಾಯ್ತುಂಬ ಹತ್ತಿ ತುರುಕಿಸಿಕೊಂಡು ಒರಗಿದ್ದ ಅವರನ್ನು ಕಂಡಾಗ, ನಡುವೆ ಬಾಯಿ ಹಾಕದ ಮನುಷ್ಯ ಕೊನೆಗೂ ಸಿಕ್ಕ ಎನಿಸಿತು. ಹುಳುಕು ಕೆರೆಯುತ್ತಲೇ ಎರಡೂ ಪುಸ್ತಕಗಳ ಮೇಲಿನ ಸಿಟ್ಟನ್ನು ಪೂರ್ತಿ ಕಾರಿಕೊಂಡಳು.

ವಕೀಲರು ಬಾಯಿ ಮುಕ್ಕಳಿಸಿ ಉಗಿದು, ಮರಗಟ್ಟಿದ ತುಟಿಯಲ್ಲೇ ತೊದಲಿದರು. "ಇತಿಹಾಸ ನಾ ನೋಡಿಲ್ಲ. ಕಾದಂಬರಿ ಓದಿದೀನಿ. ಸತ್ತ ತಾಯಿಯ ಕನ್ನಡಕ ಅವನು ಒರೆಸ್ತಾನಲ್ಲ, ಅಲ್ಲೀತನಕ ಓದಿ. ಆಮೇಲೆ ಬೇಕಾದಷ್ಟು ಬೈಕೊಳ್ಳಿ."

ಮಧ್ಯಾಹ್ನದ ಬಿಡುವಿನಲ್ಲಿ ಆ ಪುಟ ಹುಡುಕಿದಳು. ಮಗ ಗಾಜು ಒರೆಸಿ, ಕನ್ನಡಕವನ್ನು ತಾನೇ ಹಾಕಿಕೊಂಡು, ಮಂಜುಮಂಜಾದ ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾನೆ. ಅಷ್ಟೇ. ಅವಳು ಆ ಪುಟವನ್ನು ಮತ್ತೊಂದು ಸಲ ಮೊದಲಿಂದ ಓದಿದಳು. ಬೆನ್ನಿಗೇ ಸಿಟ್ಟೂ ಬಂತು: ಇಷ್ಟು ಬರೆಯಬಲ್ಲವನು ತನ್ನನ್ನು ಅಷ್ಟು ಹೊತ್ತು ಕಿಟಕಿಯ ಬಳಿ ಕಾಯಿಸಿದ್ದೇಕೆ?

ಅಕ್ಕನಿಗೆ ತಾನೇ ಫೋನು ಮಾಡಿದಳು. "ಆ ಕನ್ನಡಕದ ಪುಟ ಚೆನ್ನಾಗಿದೆ."

"ಇಡೀ ಪುಸ್ತಕ ಹಾಗೇ ಇದೆ ಅಂತ ನಾ ಹೇಳ್ಲಿಲ್ವಾ?"

"ಇಡೀ ಪುಸ್ತಕ ಅಲ್ಲ ಕಣೆ. ಆ ಪುಟ."

"ಒಪ್ಕೊಳ್ಳೋಕೆ ನಿಂಗೇನು ಕಷ್ಟ?"

ಮುಂದಿನ ವಾರ ಇತಿಹಾಸವನ್ನು ಭಾವನ ಕೈಗೆ ಮರಳಿಸಿದಳು. ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನು ಇನ್ನೊಮ್ಮೆ ಓದಿದ್ದಳು, ಇಷ್ಟಪಟ್ಟೇ. ಅದನ್ನು ಹೇಳಲು ಹೋಗಲಿಲ್ಲ.

"ಈಗೇನಂತೀಯ?" ಎಂದರು ಭಾವ.

"ಬೈಂಡಿಂಗ್ ಗಟ್ಟಿಯಾಗಿದೆ."

ಅದು ಯಾವ ಕಡೆಯ ಮಾತು ಎಂದು ತಿಳಿಯದೆ ಭಾವ ಅವಳ ಮುಖವನ್ನೇ ನೋಡಿದರು.