ಮೂರನೇ ಪಟ್ಟಿ

ಎಲಿಸಿಯೊ ಮರದ ಮೂರನೇ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದ, ನಿಂತ, ಮತ್ತೆ ಎಳೆದ. ನಿನ್ನೆ ಬಿಟ್ಟುಹೋದಾಗ ಅದು ಹೀಗಿರಲಿಲ್ಲ. ಒಂದು ಕೂದಲೆಳೆಯಷ್ಟು ಸವೆದಿತ್ತು. ಬಗ್ಗಿ ನೋಡಿದರೆ ಮೇಜಿನ ಕಾಲ ಸಂದಿಯಲ್ಲಿ ಮರದ ಸಿಪ್ಪೆಯ ಒಂದು ಸುರುಳಿ. ನೆಲ ಗುಡಿಸದೆ ಅವನು ಎಂದೂ ಕೆಲಸ ಬಿಟ್ಟು ಎದ್ದವನಲ್ಲ.

ಗಿಟಾರಿನ ಮುಖದ ಹಲಗೆ ಮೇಜಿನ ಮೇಲೆ ಮಗುಚಿ ಮಲಗಿತ್ತು. ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಏಳು ಪಟ್ಟಿ ಅಂಟಿಸಿದ್ದ. ಪಟ್ಟಿ ದಪ್ಪವಾದರೆ ಸ್ವರ ಉಸಿರುಗಟ್ಟುತ್ತದೆ, ತೆಳುವಾದರೆ ಹಲಗೆಯೇ ಕುಸಿಯುತ್ತದೆ. ನಡುವಿನ ಹದವನ್ನು ಬೆರಳ ಗೆಣ್ಣಿನಿಂದ ಬಡಿದು ಬಡಿದು ಕಿವಿಯಲ್ಲೇ ಹುಡುಕಬೇಕು. ಗ್ರನಾಡಾದ ಈ ಗುಡ್ಡದ ಓಣಿಯಲ್ಲಿ ಆ ಕಿವಿ ಇದ್ದದ್ದು ಇಬ್ಬರಿಗೆ. ಒಬ್ಬ ತಾನು, ಇನ್ನೊಬ್ಬ ಎದುರು ಮನೆಯಲ್ಲಿ ಗಿಟಾರ್ ಕಟ್ಟುವ ವೆಂತೂರಾ.

ವೆಂತೂರಾನ ಹೆಸರು ನೆನಪಾದದ್ದೇ ತಡ, ಎಲ್ಲ ಸರಿಹೊಂದಿತು. ಚಳಿಗಾಲದಲ್ಲಿ ಸಂಗೀತದ ಟೀಚರೊಬ್ಬಳು ಎಲಿಸಿಯೊನ ಗಿಟಾರನ್ನು ವಾಪಸು ತಂದು, "ಮೇಲಿನ ಸ್ವರದ ಸಣ್ಣ ತಂತಿಗಳು ಬಾಯೇ ಬಿಡ್ತಿಲ್ಲ" ಅಂದಿದ್ದಳು. ಆಮೇಲೆ ಅವಳು ನೆಟ್ಟಗೆ ಹೋದದ್ದು ಎದುರು ಮನೆಗೆ. ಈಗಿನದು ಕಾರ್ಡೊಬಾದ ವಾದಕನೊಬ್ಬನಿಗೆ. ಇದೂ ತಿರುಗಿ ಬಂದರೆ ಅಂಗಡಿ ಬಾಗಿಲು ಹಾಕಿಬಿಡುತ್ತೇನೆ ಎಂದು ಎಲಿಸಿಯೊ ಹೆಂಡತಿಯ ಮುಂದೆ ಆಡಿಬಿಟ್ಟಿದ್ದ. ಆದರೆ ಮರ ಮುಟ್ಟದೆ ಒಂದು ದಿನ ಕಳೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಅಂಗಳಕ್ಕೆ ಬಂದವನ ಕಣ್ಣು ಗೋಡೆಯ ಪಂಜರಕ್ಕೆ ಬಿತ್ತು. "ಎಷ್ಟು ಸಲ ಕೇಳೋದು, ಈ ಕ್ಯಾನರಿಗೆ ಏನು ಬಂದಿದೆ? ಎರಡು ವಾರ ಆಯ್ತು, ಒಂದಿನ ಹಾಡಲಿಲ್ಲ. ಕಾಳಿನವನು ಕಲಬೆರಕೆ ಮಾಡ್ತಿದಾನೆ, ನೋಡ್ತಿರು."

ಹೆಂಡತಿ ಕಸಿಲ್ದಾ ಬ್ರೆಡ್ಡಿಗೆ ಎಣ್ಣೆ ಸುರಿಯುತ್ತಿದ್ದಳು. "ಗರಿ ಉದುರೋ ಕಾಲ ಇರ್ಬೇಕು ಬಿಡು."

"ಏಪ್ರಿಲ್‌ನಲ್ಲಿ ಯಾವ ಹಕ್ಕಿ ಗರಿ ಉದುರಿಸುತ್ತೇ?"

ಅವಳು ಬ್ರೆಡ್ಡಿನ ತಟ್ಟೆಯನ್ನು ಅವನತ್ತ ತಳ್ಳಿದಳು. ಇವಳೂ ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು. ಕಾಳಿನ ದುಡ್ಡು ಉಳಿಸುತ್ತಿರಬೇಕು ಎಂದುಕೊಂಡ. ಅನುಮಾನ ಒಮ್ಮೆ ಮನೆ ಹೊಕ್ಕರೆ ಹಕ್ಕಿಯ ಬಟ್ಟಲನ್ನೂ ಬಿಡುವುದಿಲ್ಲ.

ಅಂದು ತಲೆಯಿಂದ ಒಂದು ಬಿಳಿ ಕೂದಲು ಕಿತ್ತು, ಉಗುಳು ಹಚ್ಚಿ, ಮೂರನೇ ಮತ್ತು ನಾಲ್ಕನೇ ಪಟ್ಟಿಗೆ ಅಡ್ಡಲಾಗಿ ಅಂಟಿಸಿದ. ಎಂದಿನಂತೆ ಹನ್ನೆರಡಕ್ಕೆ ಚೌಕದ ಕಡೆ ಹೊರಟ. ಎಂದಿನಂತೆ ಅಲ್ಲಿನ ಹೆಂಡದಂಗಡಿಯಲ್ಲಿ ಒಂದು ಲೋಟ ವರ್ಮುತ್ ತರಿಸಿಕೊಂಡ. ಆದರೆ ಲೋಟ ಅರ್ಧಕ್ಕೇ ಬಿಟ್ಟು, ಆಲಿವ್ ಮುಟ್ಟದೆ, ಕಳ್ಳನ ಹಾಗೆ ತನ್ನ ಮನೆಗೇ ವಾಪಸು ಬಂದ.

ಕೂದಲು ಇರಲಿಲ್ಲ. ಅಂಗಳದಲ್ಲಿ ವೆಂತೂರಾ ಒಂದು ಉಳಿ ಹಿಡಿದು ನಿಂತಿದ್ದ.

"ಇದನ್ನ ಸಂಜೆವರೆಗೂ ತಗೊಂಡು ಹೋಗ್ತೀನಿ ಕಣೋ, ನಂದು ಮೊಂಡಾಗಿದೆ."

"ಕೈ ತೋರಿಸು."

"ಏನು?"

"ಕೈ ತೋರಿಸೋ ಅಂದೆ."

ವೆಂತೂರಾ ನಗುತ್ತಲೇ ಎರಡೂ ಕೈ ಚಾಚಿದ. ಎಲಿಸಿಯೊ ಬಗ್ಗಿ ಮೂಸಿದ. ಗಿಟಾರಿನ ಹಲಗೆಗೆ ಬಳಸುವ ಸ್ಪ್ರೂಸ್ ಮರದ ವಾಸನೆ ಘಮ್ಮೆಂದಿತು. ಗಿಟಾರ್ ಕಟ್ಟುವವನ ಕೈ ಇನ್ನೇನು ಮೀನು ನಾರುತ್ತದೆಯೇ? ಅಷ್ಟು ಯೋಚಿಸುವ ವ್ಯವಧಾನ ಅವನಿಗಿರಲಿಲ್ಲ.

"ನಾನಿಲ್ದಾಗ ಬಂದು ನನ್ನ ಹಲಗೆ ಕೆರೀತೀಯ. ಇದೂ ಹಾಳಾದ್ರೆ ಈ ಗಿರಾಕಿನೂ ನಿನ್ನ ಬಾಗಿಲಿಗೆ ಬರ್ತಾನೆ, ಅದೇ ಅಲ್ವಾ ಲೆಕ್ಕ?"

ವೆಂತೂರಾನ ಮುಖದಲ್ಲಿ ನಗು ಇಂಗಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಕಸಿಲ್ದಾಳ ಕಡೆ ನೋಡಿದ. ಅವಳು ನೆಲ ನೋಡಿದಳು. ವೆಂತೂರಾ ಉಳಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಾಳೆ ಮುಚ್ಚೋಕೆ ನನ್ನ ಕರೀಬೇಡ," ಅಂದು ಹೊರಟುಹೋದ.

ಬೇರೆ ಮಾತೇನೇ ಆಡಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಕೊನೆಗೆ ಬೆನ್ನ ಹಲಗೆ ಕೂರಿಸಿ ಗಿಟಾರನ್ನು ಮುಚ್ಚುವುದು ಒಬ್ಬನ ಕೆಲಸವಲ್ಲ. ಬಿಸಿ ಅಂಟು ಒಂದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಒಬ್ಬ ಅದುಮಿ ಹಿಡಿಯಬೇಕು, ಇನ್ನೊಬ್ಬ ಉದ್ದನೆಯ ಹಗ್ಗವನ್ನು ಸುತ್ತಿ ಸುತ್ತಿ ಬಿಗಿಯಬೇಕು. ಮೂವತ್ತು ವರ್ಷದಿಂದ ಒಬ್ಬರ ಗಿಟಾರನ್ನು ಇನ್ನೊಬ್ಬರು ಮುಚ್ಚಿಕೊಟ್ಟು, ಆಮೇಲೆ ಕೂತು ಹಂದಿತೊಡೆ ಹಾಕಿದ ಅವರೆಕಾಳು ತಿಂದವರು ಅವರು.

ಮರುದಿನ ಬೆಳಿಗ್ಗೆ ಎಲಿಸಿಯೊ ಅಂಟಿನ ಮಡಕೆಯನ್ನು ಬಿಸಿನೀರಲ್ಲಿಟ್ಟ. ಹಗ್ಗದ ಒಂದು ತುದಿಯನ್ನು ಮೇಜಿನ ಕಾಲಿಗೆ ಕಟ್ಟಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಎಳೆದು ನೋಡಿದ. ಕಸಿಲ್ದಾ ಬಂದು ಬಾಗಿಲಲ್ಲಿ ನಿಂತಳು.

"ಹಲ್ಲು ಕಿತ್ಕೋತೀಯ ಅಷ್ಟೇ. ಮುಚ್ಚೋ ಮೊದ್ಲು ಒಂದ್ಸಲ ಬಡಿ."

ಅವನು ಬಡಿದ. "ಸರಿಯಾಗಿದೆ," ಅಂದ.

"ಇಲ್ಲ. ಇನ್ನೊಂಚೂರಿದೆ."

ಅವಳು ಏಪ್ರನ್ನಿನ ಜೇಬಿನಿಂದ ಹೆಬ್ಬೆರಳಷ್ಟೇ ಇರುವ ಹಿತ್ತಾಳೆಯ ಉಜ್ಜುಗೊರಡು ತೆಗೆದಳು. ಐದನೇ ಪಟ್ಟಿಯ ತುದಿಗೆ ಎರಡೇ ಎಳೆತ ಎಳೆದಳು. ಅವನ ಪ್ರತಿಯೊಂದು ಗಿಟಾರಿಗೂ ಅರಗಿನ ಮೆರುಗು ತಿಕ್ಕಿದ್ದು ಈ ಕೈಯೇ. ಪ್ರತಿ ಹಲಗೆಯೂ ಇವಳ ಬಟ್ಟೆಯುಂಡೆಯ ಕೆಳಗೆ ದಿನಗಟ್ಟಲೆ ಗುನುಗಿತ್ತು. ಅವಳಿಗೂ ಕಿವಿ ಇರಬಹುದೆಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ.

"ನೀನಾ?"

"ನಾನೇ."

"ಯಾವಾಗಿಂದ?"

ಕಸಿಲ್ದಾ ಉಜ್ಜುಗೊರಡಿನ ಬಾಯಿಗೆ ಸಿಕ್ಕ ಸಿಪ್ಪೆಯನ್ನು ಊದಿದಳು. "ಹಕ್ಕಿ ಹಾಡ್ತಿಲ್ಲ ಅಂತ ನೀನು ಮೊದಲ್ನೇ ಸಲ ಅಂದ್ಯಲ್ಲ, ಅವತ್ತಿಂದ."

ಅವನು ಬಾಗಿಲಾಚೆ ನೋಡಿದ. ಪಂಜರದಲ್ಲಿ ಕ್ಯಾನರಿ ಕೊಕ್ಕು ಮೇಲೆತ್ತಿ ಕೂತಿತ್ತು. ಹಳದಿ ಗಂಟಲು ಉಬ್ಬಿ ಗಡಗಡ ನಡುಗುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಅದು ನಿಲ್ಲಲಿಲ್ಲ, ಅವನಿಗೆ ಏನೂ ಕೇಳಿಸಲಿಲ್ಲ. ಟೀಚರಮ್ಮ ಹೇಳಿದ್ದು ನಿಜ ಎಂದು ಈಗ ಗೊತ್ತಾಯಿತು. ಮೇಲಿನ ಸ್ವರ ಕೇಳದ ಕಿವಿಯನ್ನು ನಂಬಿ, ಪಟ್ಟಿ ದಪ್ಪ ಇರುವಾಗಲೇ ಹದವಾಯಿತೆಂದು ಕೈ ಬಿಟ್ಟಿದ್ದು ತಾನೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ವೆಂತೂರಾಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನೆ ನಾನು ಬಾಯಿ ಬಿಡ್ಲಿಲ್ಲ, ಅದಕ್ಕೇ ಅವನೂ ಬಿಡ್ಲಿಲ್ಲ." ಅವಳು ಉಜ್ಜುಗೊರಡನ್ನು ಜೇಬಿಗೆ ಇಳಿಬಿಟ್ಟಳು. "ಅದು ನನ್ನ ತಪ್ಪು. ಅಂಟು ಕಾದಿದೆ, ಹೋಗಿ ಕರ್ಕೊಂಡು ಬಾ. ನಾನು ಅವರೆಕಾಳಿಗೆ ಇಡ್ತೀನಿ."

ಎಲಿಸಿಯೊ ಕಿಟಕಿಯ ಕಟ್ಟೆಯಿಂದ ಉಳಿ ಎತ್ತಿಕೊಂಡ. ಓಣಿ ದಾಟಲು ಆರೇ ಹೆಜ್ಜೆ. ಎದುರು ಮನೆಯ ಹಳೆಯ ಬಾಗಿಲನ್ನು ಗೆಣ್ಣಿನಿಂದ ಎರಡು ಸಲ ಬಡಿದ. ಯಾವ ಹಲಗೆ ಬಡಿದರೂ ಮಾಡುವಂತೆ ಬಗ್ಗಿ ಅದಕ್ಕೆ ಕಿವಿ ಹಚ್ಚಿದ. ಎಷ್ಟೋ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಬರುತ್ತಿದ್ದ ಭಾರದ ಹೆಜ್ಜೆಗಳು ಮರದ ಮೂಲಕ ಅವನ ಕೆನ್ನೆಗೆ ತಾಕಿದವು.