ಏಳು ಪುಟ್ಟ ಕೊಳವೆಗಳು

ಕಿವಿಯ ವಿಷಯಕ್ಕೆ ಬಂದರೆ ನೊರ್ಬರ್ಟನಷ್ಟು ಜಂಬದ ಮನುಷ್ಯ ಕುವೈತಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಊರಿನಲ್ಲಿ ಇಗರ್ಜಿಯ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವನು, ಇಲ್ಲಿ ಶುವೈಖಿನ ಗ್ಯಾರೇಜಿನಲ್ಲಿ ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದ. ಆ ಕಿವಿಯನ್ನು ನಂಬಿಯೇ ಮಕ್ಕಳ ಪಾರ್ಕಿನ ಮ್ಯಾನೇಜರ್ ಮಹಮ್ಮದ್ ಕುಂಞಿ ಪಾರ್ಕಿನ ಕೆಟ್ಟು ಕೂತ ಆರ್ಗನ್ನನ್ನು ರಿಪೇರಿಗೆ ಅವನಿಗೆ ಒಪ್ಪಿಸಿದ್ದು.

ಸುತ್ತುವ ಮರದ ಕುದುರೆಗಳ ನಡುವೆ ನಿಲ್ಲುವ, ನೂರು ವರ್ಷ ದಾಟಿದ ಆರ್ಗನ್ ಅದು. ನುಡಿಸಲು ಮನುಷ್ಯರು ಬೇಡ. ತೂತು ಕೊರೆದ ರಟ್ಟಿನ ಪುಸ್ತಕ ಒಳಗೆ ಸರಿದಂತೆ ತಿದಿಯ ಗಾಳಿ ಆಯಾ ಕೊಳವೆಗೆ ನುಗ್ಗಿ ಹಾಡು ಬರುತ್ತದೆ. ಎಂಟು ತಿಂಗಳು ಕೂತು ನೊರ್ಬರ್ಟ್ ಹರಿದ ತಿದಿಗೆ ಕುರಿಚರ್ಮ ಅಂಟಿಸಿದ, ಬಿರುಕಿಗೆ ಮರದ ಚಕ್ಕೆ ಕೂರಿಸಿದ, ಕೊಳವೆಗಳ ಮರಳು ಊದಿ ತೆಗೆದ. ಉಳಿದದ್ದು ಶ್ರುತಿ ಮಾತ್ರ.

ಪುಣ್ಯಾತ್ಮ ಸಿಕ್ಕಿಬಿದ್ದದ್ದು ಅಲ್ಲೇ. ಅತಿ ಚಿಕ್ಕ ಏಳು ಕೊಳವೆಗಳ ಸ್ವರ ಅವನಿಗೆ ಕೇಳುತ್ತಲೇ ಇರಲಿಲ್ಲ. ಎರಡು ವರ್ಷದಿಂದ ಕಿವಿ ಮಂದವಾಗಿತ್ತು. ಹೆಂಡತಿ ಫ್ರೀಡಾಳಿಗೂ ಹೇಳಿರಲಿಲ್ಲ. ಫೋನಿನ ಆ್ಯಪ್‌ಗೆ ಗೊತ್ತಿರುವುದು ಈಗಿನ ಕಾಲದ ಶ್ರುತಿ, ಈ ಮುದಿ ಆರ್ಗನ್ನಿನದೇ ಬೇರೆ. ಕೊನೆಗೆ ಅಂದಾಜಿನ ಮೇಲೆ ಕೊಳವೆಗಳ ತುದಿ ಮುಚ್ಚುವ ಬಿರಡೆಗಳನ್ನು ಹಿಂದೆ ಮುಂದೆ ಮಾಡಿದ.

ಕುಂಞಿ ಬಂದು ಕೇಳಿ ಮುಖ ಕಿವುಚಿದ. "ಎಂತ ನೊರ್ಬರ್ಟಣ್ಣ, ಬೆಕ್ಕಿನ ಬಾಲ ಮೆಟ್ಟಿದ ಹಾಗೆ ಉಂಟಲ್ಲ? ಶುಕ್ರವಾರ ಪಾರ್ಕಿನ ಯಜಮಾನ್ರು ಬರ್ತಾರೆ. ಸರಿ ಆಗದಿದ್ರೆ ಒಳಗಿದ್ದದ್ದೆಲ್ಲ ಕಿತ್ತು ಸ್ಪೀಕರ್ ಇಡಿ, ಖಲಾಸ್, ಅಂದಿದ್ದಾರೆ."

"ಮರಳು ಇನ್ನೂ ಪೂರ್ತಿ ಹೋಗ್ಲಿಲ್ಲ ಮಾರಾಯ," ಎಂದ ನೊರ್ಬರ್ಟ್. ಕುಣಿಯಲಾರದವಳಿಗೆ ನೆಲ ಡೊಂಕು.

ಸಂಜೆ ಅಬ್ಬಾಸಿಯಾದ ಮನೆಯಲ್ಲಿ ಗಂಡಹೆಂಡತಿ ಎಂದಿನಂತೆ ಜಪಸರಕ್ಕೆ ಕೂತರು. ಪ್ರತಿ ಪ್ರಾರ್ಥನೆಯ ಮೊದಲರ್ಧ ಫ್ರೀಡಾ ಹೇಳಬೇಕು, ಉಳಿದರ್ಧ ಅವನು. ಆ ದಿನ ಅವಳು ಪ್ರಾರ್ಥನೆಯ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಳು. ತನ್ನ ಅರ್ಧ ಮುಗಿಸಿದಳು. ಏಸಿಯ ಸದ್ದಿನಲ್ಲಿ ನೊರ್ಬರ್ಟ್ ಸುಮ್ಮನೆ ಕೂತೇ ಇದ್ದ.

ಅವಳು ಪುಸ್ತಕ ಇಳಿಸಿದಳು. "ನನ್ನ ತುಟಿ ನೋಡಿ ಉತ್ತರ ಕೊಡ್ತಾ ಇದ್ದೀರಿ. ನನಗೆ ಗೊತ್ತಾಗಿ ಒಂದು ವರ್ಷ ಆಯ್ತು."

"ಪ್ರಾರ್ಥನೆಯಲ್ಲಿ ಪರೀಕ್ಷೆ ಮಾಡ್ಲಿಕ್ಕೆ ನಿನಗೆ ನಾಚಿಕೆ ಆಗುದಿಲ್ವಾ?" ಎಂದು ಸಿಡುಕಿದ. ಮತ್ತೆ ತಲೆ ತಗ್ಗಿಸಿದ. "ಏಳು ಕೊಳವೆ ಕೇಳುದಿಲ್ಲ ಫ್ರೀಡಾ. ನನ್ನಿಂದಾಗಿ ಅದರ ಜೀವ ಹೋಗ್ತದೆ." ದೊಡ್ಡ ಗಂಡಸು, ಮಗುವಿನಂತೆ ಅತ್ತುಬಿಟ್ಟ.

"ನಾಳೆ ನನಗೆ ಆಫ್ ಉಂಟು. ನಾನೂ ಬರ್ತೇನೆ," ಎಂದಳು ಅವಳು. ಇಗರ್ಜಿಯ ಗಾಯನ ಮಂಡಳಿಗೆ ಶ್ರುತಿ ಹಿಡಿದುಕೊಡುವವಳೇ ಅವಳು.

ಮರುದಿನ ಗ್ಯಾರೇಜಿನಲ್ಲಿ ಫ್ರೀಡಾ ಅವನ ಮಣಿಕಟ್ಟು ಹಿಡಿದು ಕೂತಳು. ಸ್ವರ ಇಳಿದಿದ್ದರೆ ಅವನ ಕೈಯನ್ನು ಮುಂದಕ್ಕೆ ದೂಡುವಳು, ಏರಿದ್ದರೆ ಹಿಂದಕ್ಕೆ ಎಳೆಯುವಳು, ಸರಿಯಾದಾಗ ಬಿಗಿಹಿಡಿದು ನಿಲ್ಲಿಸುವಳು. ಒಂದೊಂದು ಬಿರಡೆಗೂ ಅರ್ಧ ತಾಸು ಹಿಡಿಯಿತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ಹೊತ್ತು ಕೈ ಹಿಡಿದು ಕೂತದ್ದು ಅವರಿಗೆ ನೆನಪಿರಲಿಲ್ಲ.

ಶುಕ್ರವಾರ ಸಂಜೆ ಪಾರ್ಕಿನಲ್ಲಿ ಆರ್ಗನ್ ಹಾಡಿತು, ಕುದುರೆಗಳು ಸುತ್ತಿದವು. ಯಜಮಾನರು ತಲೆದೂಗಿದರು. ಕುಂಞಿ ಎಲ್ಲರೆದುರು ನೊರ್ಬರ್ಟನ ಬೆನ್ನು ತಟ್ಟಿದ. "ಇವರ ಕಿವಿ ಅಂದ್ರೆ ಚಿನ್ನ. ಇನ್ನು ಮುಂದೆ ಇದರ ಜವಾಬ್ದಾರಿ ಇವರದ್ದೇ."

ಹೂಂ ಅಂದುಬಿಟ್ಟರೆ ಮುಗಿದಿತ್ತು. ಮಾನವೂ ಉಳಿಯುತ್ತಿತ್ತು, ಆರ್ಗನ್ನೂ ಅವನ ಕೈಯಲ್ಲೇ ಇರುತ್ತಿತ್ತು. ನೊರ್ಬರ್ಟ್ ಹಿಂದೆ ನಿಂತಿದ್ದ ಫ್ರೀಡಾಳನ್ನು ಮುಂದಕ್ಕೆ ಕರೆದ.

"ಕೈ ನನ್ನದು ಕುಂಞಿ. ಕಿವಿ ಇವಳದ್ದು. ಸಣ್ಣ ಕೊಳವೆಗಳು ನನಗೆ ಈಗಲೂ ಕೇಳುದಿಲ್ಲ. ಜವಾಬ್ದಾರಿ ಕೊಡುದಾದ್ರೆ ಇಬ್ಬರಿಗೂ ಕೊಡಿ."

ಕುಂಞಿ ಗಂಡನನ್ನೂ ಹೆಂಡತಿಯನ್ನೂ ನೋಡಿದ. ಮತ್ತೆ ಯಜಮಾನರಿಗೆ ಅರಬಿಯಲ್ಲಿ ಏನೋ ಹೇಳಿದ. ಅವರು ಎದೆಯ ಮೇಲೆ ಕೈಯಿಟ್ಟು ಫ್ರೀಡಾಳತ್ತ ತುಸು ಬಾಗಿದರು.

ನೊರ್ಬರ್ಟ್ ತಿರುಗಿ ನೋಡಿದರೆ ಫ್ರೀಡಾಳ ಕಣ್ಣಲ್ಲಿ ನೀರು. ಅವನಿಗೆ ಗಾಬರಿಯಾಯಿತು. "ಯಾವುದು ಕೆಟ್ಟಿತು? ಮೂರನೆಯದ್ದಾ?"

"ಯಾವುದೂ ಕೆಡ್ಲಿಲ್ಲ. ಎಲ್ಲ ಸರಿ ಉಂಟು," ಎಂದಳು ಅವಳು. ಇಷ್ಟು ದಿನ ಅವನ ಮಾನ ಕಾಯಲು ಜನರೆದುರು ಮೆಲ್ಲಗೆ ಮಾತಾಡುತ್ತಿದ್ದವಳು, ಈಗ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. ಒಂದಕ್ಷರವೂ ಬಿಡದೆ ಅವನಿಗೆ ಕೇಳಿಸಿತು.